ಸ್ಪ್ರಿಂಗ್ ಏರ್‌ಗನ್ನಿಗೆ ದುರ್ಬೀನು: ದೊಡ್ಡದು ಬೇಡ, ಗಟ್ಟಿಯದು ಬೇಕು

"ಅಣ್ಣಾ, ಎಷ್ಟು ಎಕ್ಸ್ ತಗೊಳ್ಳಲಿ?"

ಕಳೆದ ಎರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಹತ್ತು ಜನಕ್ಕೆ ಕಡಿಮೆಯಿಲ್ಲ. ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ, ಬೂದಿಕೋಟೆ ರಸ್ತೆಯ ಟೀ ಅಂಗಡಿಯಲ್ಲಿ ಕೇಳಿದ್ದಾರೆ, ಬೆಳಿಗ್ಗೆ ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದುಕೊಂಡೇ ಕೇಳಿದ್ದಾರೆ. ಏರ್‌ಗನ್ ಕೊಂಡಾಗಿದೆ. ಈಗ ಅದರ ಮೇಲೆ ಕೂರಿಸಲು ಒಂದು ದುರ್ಬೀನು ಬೇಕು. ಮೊಬೈಲ್‌ನಲ್ಲಿ ನೋಡಿ ಆಯ್ಕೆಯೂ ಮಾಡಿಟ್ಟಿರುತ್ತಾರೆ. ಹೆಚ್ಚಿನವರದು ಒಂದೇ ಆಯ್ಕೆ: ಉದ್ದನೆಯದು, ಮುಂದೆ ಲೋಟದಷ್ಟು ದೊಡ್ಡ ಗಾಜು, ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ ಜೂಮ್, ಒಳಗೆ ಕೆಂಪು-ಹಸಿರು ದೀಪ.

ಅಂಥದ್ದನ್ನೇ ನಾನೂ ಕೊಂಡಿದ್ದೆ. ಅದರ ಕಥೆ ಬರೆದರೆ ಕೆಲವರ ದುಡ್ಡಾದರೂ ಉಳಿದೀತು ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ಪ್ರಿಂಗ್ ಏರ್‌ಗನ್ನಿಗೆ ನಾಲ್ಕು ಪಟ್ಟಿನ ಸಣ್ಣ ದುರ್ಬೀನು ಸಾಕು. ದುಡ್ಡು ಹಾಕುವುದಿದ್ದರೆ ಪಟ್ಟಿಗೆ ಹಾಕಬೇಡಿ, ಅದು ಕೂರುವ ಮೌಂಟಿಗೆ ಹಾಕಿ. ದೊಡ್ಡ ದುರ್ಬೀನು ಈ ಗನ್ನಿನ ಮೇಲೆ ಬಾಳುವುದಿಲ್ಲ. ಬಾಳಿದರೂ ನಮ್ಮಿಂದ ಮಾಡಬಾರದ್ದನ್ನು ಮಾಡಿಸುತ್ತದೆ.

ದುರ್ಬೀನು ಯಾಕೆ ಬೇಕಾಯಿತು

ನನಗೆ ಏರ್‌ಗನ್ ಬೇಕಾದದ್ದು ಇಲಿ, ಹೆಗ್ಗಣಕ್ಕೆ. ರಾಗಿ ಮೂಟೆ, ಕಡಲೆಕಾಯಿ, ಹಸುವಿನ ಹಿಂಡಿ ಎಲ್ಲ ಒಂದೇ ಸೂರಿನಡಿ ಇರುವ ನಮ್ಮಂಥ ಮನೆಗಳಲ್ಲಿ ಇಲಿ ತಿನ್ನುವುದಕ್ಕಿಂತ ಹಾಳು ಮಾಡುವುದೇ ಹೆಚ್ಚು. ಮೊದಲು ಪಾಷಾಣ ಇಡುತ್ತಿದ್ದೆವು. ಸತ್ತ ಇಲಿ ತಿಂದು ನಾಯಿ ಸತ್ತ ಮೇಲೆ ಅದು ಸಾಕೆನಿಸಿತು. ಹಿತ್ತಲ ಹುಣಸೆ ಮರದಲ್ಲಿದ್ದ ಗೂಬೆ ಕೂಡ ಆ ವರ್ಷವೇ ಕಾಣದಾಯಿತು. ಅದೂ ಪಾಷಾಣದಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಒಂದು ಜೋಡಿ ಗೂಬೆ ಹಿಡಿಯುವಷ್ಟು ಇಲಿಯನ್ನು ನಾನು ಯಾವ ಗನ್ನಿನಿಂದಲೂ ಹೊಡೆಯಲಾರೆ, ಅದಂತೂ ಗೊತ್ತು.

ಗನ್ನಿನ ಮೇಲೆ ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಕಡ್ಡಿ ಇರುತ್ತದೆ. ಕಚ್ಚಿನ ನಡುವೆ ಕಡ್ಡಿ, ಕಡ್ಡಿಯ ತಲೆಯ ಮೇಲೆ ಗುರಿ. ಹುಡುಗರಿಗೆ ಇದು ಸಲೀಸು. ನಲವತ್ತೈದು ದಾಟಿದವರಿಗೆ ಹಾಗಲ್ಲ. ಕನ್ನಡಕ ತೆಗೆದರೆ ಇಲಿ ಕಾಣುತ್ತದೆ, ಕಚ್ಚು ಮಸುಕು. ಚಾಳೀಸು ಹಾಕಿದರೆ ಕಚ್ಚು ಕಾಣುತ್ತದೆ, ಇಲಿ ಮಸುಕು. ಮೂರು ದೂರದಲ್ಲಿರುವ ಮೂರು ವಸ್ತುಗಳನ್ನು ವಯಸ್ಸಾದ ಕಣ್ಣು ಒಟ್ಟಿಗೆ ಹಿಡಿಯುವುದಿಲ್ಲ. ದುರ್ಬೀನು ಮಾಡುವ ದೊಡ್ಡ ಉಪಕಾರ ಇಲ್ಲಿಯೇ ಇದೆ. ಗುರಿಯನ್ನೂ ಒಳಗಿನ ಪ್ಲಸ್ ಗೆರೆಯನ್ನೂ ಅದು ಒಂದೇ ದೂರಕ್ಕೆ ತಂದು ಕೂರಿಸುತ್ತದೆ. ಕಣ್ಣಿಗೆ ಒಂದೇ ಕೆಲಸ. ಗುರಿ ದೊಡ್ಡದಾಗಿ ಕಾಣುವುದು ಅದರ ಮೇಲಿನ ಕೊಸರು ಅಷ್ಟೆ. ಅಂಗಡಿಯವರು ಮಾರುವುದು ಮಾತ್ರ ಆ ಕೊಸರನ್ನೇ.

ನನ್ನ ಮೊದಲ ದುರ್ಬೀನು

ಬೆಂಗಳೂರಿನ ಒಂದು ಅಂಗಡಿಯಲ್ಲಿ 4,200 ರೂಪಾಯಿ ಕೊಟ್ಟು 3-9×40 ದುರ್ಬೀನು ತಂದೆ. ಇದರಲ್ಲಿ ಮೊದಲಿನ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಕೊನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವನು ಹೇಳಿದ್ದು ಒಂದೇ ಮಾತು: "ಇದು ದೊಡ್ಡ ರೈಫಲ್‌ಗೇ ಆಗ್ತದೆ ಸಾರ್, ನಿಮ್ಮ ಏರ್‌ಗನ್ ಯಾವ ಲೆಕ್ಕ?"

ನನಗೂ ಸರಿ ಎನಿಸಿತು. ನಿಜವಾದ ಬಂದೂಕಿನ ಒದೆತ ತಡೆಯುವ ವಸ್ತು ಏರ್‌ಗನ್ನಿನದು ತಡೆಯದೇ?

ಮೊದಲ ವಾರ ಚೆನ್ನಾಗಿತ್ತು. ಎರಡನೇ ಡಬ್ಬಿ ಗುಂಡು ಮುಗಿಯುವ ಹೊತ್ತಿಗೆ ಗುರಿ ಅಲೆಯಲು ಶುರುವಾಯಿತು. ಇವತ್ತು ಸರಿ ಮಾಡಿದರೆ ನಾಳೆ ಎರಡು ಬೆರಳು ಎಡಕ್ಕೆ. ಗನ್ನೇ ಕೆಟ್ಟಿದೆ ಎಂದು ಅದನ್ನು ಬೈದೆ. ಆಮೇಲೆ ಗುಂಡನ್ನು ಬೈದು ಬೇರೆ ಕಂಪನಿಯದು ತಂದೆ. ಒಂದು ದಿನ ಕಣ್ಣಿಟ್ಟು ನೋಡಿದರೆ ಪ್ಲಸ್ ಗೆರೆ ವಾಲಿಕೊಂಡು ಗುಣಾಕಾರದ ಗುರುತಾಗಿತ್ತು! ಅಂಗಡಿಗೆ ಹೋದರೆ "ಏರ್‌ಗನ್ನಿಗೆ ಹಾಕಿದರೆ ಗ್ಯಾರಂಟಿ ಇಲ್ಲ" ಎಂದರು. ಮಾರುವಾಗ ಆ ಮಾತು ಇರಲಿಲ್ಲ.

ಬಿಸಾಡಲು ಮನಸ್ಸು ಬರಲಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ನನಗೆ ಪರಿಚಯದ ಒಬ್ಬ ಫಿಟ್ಟರ್ ಇದ್ದಾರೆ. 2001 ರ ಫೆಬ್ರವರಿ 28 ಕ್ಕೆ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸ ಮಾಡಿದವರು. ಈಗ ಮನೆಯ ಮುಂದಿನ ತಗಡಿನ ಶೆಡ್‌ನಲ್ಲಿ ಪಂಪು, ಸ್ಪ್ರೇಯರ್ ರಿಪೇರಿ ಮಾಡುತ್ತಾರೆ. ನಮ್ಮ ಕಡೆಯ ಅರ್ಧ ಪವರ್ ಸ್ಪ್ರೇಯರ್‌ಗಳು ಅವರ ಕೈಯಲ್ಲಿ ಒಮ್ಮೆ ಬಿಚ್ಚಿಕೊಂಡಿರುವಂಥವೇ. ಅವರು ದುರ್ಬೀನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗಲಗಲ.

"ಗೌಡ್ರೇ, ಇದನ್ನ ಯಾವುದಕ್ಕೆ ಹಾಕಿದ್ರಿ?"

"ಏರ್‌ಗನ್ನಿಗೇ ಅಣ್ಣಾ."

"ಸ್ಪ್ರಿಂಗ್ ಗನ್ನಾ? ಅದ್ಕೇ ಹಿಂಗಾಗೈತೆ. ಬಂದೂಕು ಹಿಂದಕ್ಕೆ ಮಾತ್ರ ಒದೀತದೆ. ನಿಮ್ದು ಹಿಂದಕ್ಕೂ ಒದೀತದೆ, ಮುಂದಕ್ಕೂ ಒದೀತದೆ. ಜಾಕ್‌ಹ್ಯಾಮರ್ ಇದ್ದಂಗೆ."

ಎರಡು ಒದೆತ

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮದ್ದಿನ ಬಂದೂಕಿನಲ್ಲಿ ಗುಂಡು ಮುಂದೆ ಹೋದಂತೆ ಬಂದೂಕು ಹಿಂದೆ ಬರುತ್ತದೆ. ಒದೆತ ಜೋರು, ಆದರೆ ಒಂದೇ ದಿಕ್ಕು. ಸ್ಪ್ರಿಂಗ್ ಏರ್‌ಗನ್ನಿನೊಳಗೆ ಮದ್ದಿಲ್ಲ. ನಾವು ನಳಿಗೆ ಮಡಚಿದಾಗ ಒಂದು ಗಟ್ಟಿ ಸ್ಪ್ರಿಂಗ್ ಅಮುಕಿಕೊಂಡು, ಅದರ ಮುಂದಿನ ಕಬ್ಬಿಣದ ಪಿಸ್ಟನ್ ಹಿಂದೆ ಸರಿದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದರೆ ಪಿಸ್ಟನ್ ಮುಂದಕ್ಕೆ ಹಾರುತ್ತದೆ. ಆಗ ಗನ್ನು ಹಿಂದಕ್ಕೆ. ಆ ರಭಸಕ್ಕೆ ಮುಂದಿನ ಗಾಳಿ ಒತ್ತಿಕೊಂಡು ಗುಂಡನ್ನು ತಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ನಿಲ್ಲುತ್ತದೆ. ನಿಂತ ಏಟಿಗೆ ಇಡೀ ಗನ್ನು ಥಟ್ಟನೆ ಮುಂದಕ್ಕೆ ಜಿಗಿಯುತ್ತದೆ. ಭುಜಕ್ಕೆ ಇದು ಗೊತ್ತಾಗುವುದಿಲ್ಲ. ಮೇಲೆ ಕೂತಿರುವ ದುರ್ಬೀನಿಗೆ ಗೊತ್ತಾಗುತ್ತದೆ.

ದುರ್ಬೀನಿನೊಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ತಲೆಕೆಳಗಾಗಿ ಕಾಣುವ ಚಿತ್ರವನ್ನು ನೆಟ್ಟಗೆ ಮಾಡುವ ಗಾಜುಗಳು ಇರುವುದು ಅದರಲ್ಲಿ. ಈ ಕೊಳವೆಯನ್ನು ಮೇಲಿನ ಮತ್ತು ಪಕ್ಕದ ತಿರುಪುಗಳು ಒಂದು ಕಡೆಯಿಂದ ಒತ್ತುತ್ತವೆ, ಎದುರಿನಿಂದ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಒತ್ತಿ ಹಿಡಿಯುತ್ತದೆ. ಬಂದೂಕಿಗೆಂದು ಮಾಡಿದ ಅಗ್ಗದ ದುರ್ಬೀನಿನಲ್ಲಿ ಇವನ್ನೆಲ್ಲ ಹಿಂದಿನ ಒದೆತಕ್ಕೆ ಎದುರಾಗಿ ಗಟ್ಟಿ ಮಾಡಿರುತ್ತಾರೆ. ಮುಂದಿನ ಜಿಗಿತಕ್ಕೆ ಅಂಥ ಆಸರೆ ಇರುವುದಿಲ್ಲ. ಗಾಜಿನ ಉಂಗುರ ಸಡಿಲವಾಗುತ್ತದೆ, ಗೋಂದಿನಲ್ಲಿ ಅಂಟಿಸಿದ ತಂತಿ ಗೆರೆ ಕಳಚಿ ತಿರುಗುತ್ತದೆ. ಜೂಮ್ ಇದ್ದರೆ ಇನ್ನೂ ಕಷ್ಟ. ಹಿಂದೆ ಮುಂದೆ ಸರಿದಾಡುವ ಗಾಜುಗಳೇ ಅಲ್ಲಿ ಎರಡು ಗುಂಪು. ಸರಿದಾಡುವುದು ಹೆಚ್ಚಿದಷ್ಟೂ ಸವೆಯುವುದು ಹೆಚ್ಚು.

ಭಾರದ ಮಾತೂ ಇದೆ. ನಾಲ್ಕು ಪಟ್ಟಿನ ಸಣ್ಣದು 300 ಗ್ರಾಂ ಆಸುಪಾಸು. ನನ್ನ ಜೂಮ್ ಮೌಂಟ್ ಸೇರಿ ಅರ್ಧ ಕಿಲೋ ದಾಟಿತ್ತು. ಭಾರದ ವಸ್ತು ಇದ್ದಲ್ಲೇ ಇರಲು ನೋಡುತ್ತದೆ, ಗನ್ನು ಅದರ ಕೆಳಗಿನಿಂದ ಜಾರಿಕೊಳ್ಳುತ್ತದೆ. ಮೌಂಟ್ ಕೂದಲೆಳೆಯಷ್ಟು ಸರಿದರೂ ಗುಂಡು ಬೇರೆ ಕಡೆ.

ಇನ್ನೊಂದು ಸಂಗತಿ ನಮ್ಮ ಹುಡುಗರಿಗೆ ತಿಳಿಯದೆ ಮೋಸ ಹೋಗುತ್ತಾರೆ. ಮೊಬೈಲಿನ ವಿಡಿಯೋಗಳಲ್ಲಿ ತೋರಿಸುವ ಎಷ್ಟೋ ದೊಡ್ಡ ದುರ್ಬೀನುಗಳು ಕೂತಿರುವುದು ಪಿಸಿಪಿ ಗನ್ನುಗಳ ಮೇಲೆ. ಅವುಗಳಲ್ಲಿ ಮೊದಲೇ ಪಂಪಿನಿಂದ ಗಾಳಿ ತುಂಬಿಸಿರುತ್ತಾರೆ, ಸ್ಪ್ರಿಂಗೂ ಇಲ್ಲ, ಪಿಸ್ಟನ್ನೂ ಇಲ್ಲ, ಹೇಳುವಂಥ ಒದೆತವೂ ಇಲ್ಲ. ಅದರ ಮೇಲೆ ಏನಿಟ್ಟರೂ ಬಾಳುತ್ತದೆ. "ಐದು ಸಾವಿರ ಗುಂಡು ಹೊಡೆದೆ, ಏನೂ ಆಗಲಿಲ್ಲ" ಎಂದು ಅವರು ಹೇಳುವುದು ಸುಳ್ಳಲ್ಲ. ನಮಗೆ ಅನ್ವಯಿಸುವುದಿಲ್ಲ, ಅಷ್ಟೆ. ಸ್ಪ್ರಿಂಗಿನ ಬದಲು ಗ್ಯಾಸ್ ತುಂಬಿದ ಕೊಳವೆ ಇರುವ ಗನ್ನುಗಳೂ ಬಂದಿವೆ. ಅವುಗಳಲ್ಲಿ ಸ್ಪ್ರಿಂಗಿನ ಕಂಪನ ಇಲ್ಲ, ಆದರೆ ಪಿಸ್ಟನ್ ಇದ್ದೇ ಇದೆ. ಆದ್ದರಿಂದ ಎರಡು ಒದೆತವೂ ಇದೆ.

ಹಾಗಾದರೆ ಕೊಳ್ಳುವುದೇನು

ಎರಡನೆಯ ಸಲ ನಾನು ಕೊಂಡದ್ದು 4×32. ಜೂಮ್ ಇಲ್ಲ, ದೀಪ ಇಲ್ಲ. 1,800 ರೂಪಾಯಿ. ಡಬ್ಬದ ಮೇಲೆ ಸ್ಪ್ರಿಂಗ್ ಏರ್‌ಗನ್ನಿಗೆ ಆಗುತ್ತದೆ ಎಂದು ಅಚ್ಚು ಹಾಕಿದ್ದನ್ನು ನೋಡಿಯೇ ತಂದೆ. ಈ ಮಾತನ್ನು ಕಂಪನಿಯವರು ಬರೆದಿರದಿದ್ದರೆ ಅಂಗಡಿಯವರ ಬಾಯಿ ಮಾತನ್ನು ನಂಬಬೇಡಿ. ಬಿಲ್ಲಿನ ಮೇಲೆ "ಸ್ಪ್ರಿಂಗ್ ಏರ್‌ಗನ್ ಸಲುವಾಗಿ" ಎಂದು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಉತ್ತರ ಸಿಕ್ಕಿದಂತೆಯೇ.

ನಾಲ್ಕು ಪಟ್ಟು ಕಡಿಮೆಯಾಗದೇ ಎಂದು ಕೇಳುತ್ತಾರೆ. ನಾವು ಇಲಿ ಹೊಡೆಯುವುದು ಎಂಟು, ಹತ್ತು, ಹದಿನೈದು ಮೀಟರಿನಲ್ಲಿ. ಅಷ್ಟು ಹತ್ತಿರದಲ್ಲಿ ಒಂಬತ್ತು ಪಟ್ಟು ಹಿಗ್ಗಿಸಿದರೆ ಕಾಣುವುದು ಗೋಡೆಯ ಒಂದು ಚೂರು. ಇಲಿ ಎಲ್ಲಿದೆ ಎಂದು ಹುಡುಕುವುದರೊಳಗೆ ಅದು ಮನೆ ಸೇರಿರುತ್ತದೆ. ಸಂಜೆಯ ಬೆಳಕಿಗೂ ಸಣ್ಣದೇ ಲೇಸು. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ ನೋಡಿ. 32 ನ್ನು 4 ರಿಂದ ಭಾಗಿಸಿದರೆ 8; ಅಂದರೆ 8 ಮಿಲಿಮೀಟರ್ ಅಗಲದ ಬೆಳಕಿನ ಕಂತೆ ಕಣ್ಣಿಗೆ ಬರುತ್ತದೆ. 40 ನ್ನು 9 ರಿಂದ ಭಾಗಿಸಿದರೆ ನಾಲ್ಕೂವರೆಯೂ ಆಗುವುದಿಲ್ಲ. ದೊಡ್ಡ ಗಾಜಿನದು ಹೆಚ್ಚು ಬೆಳಕು ಕೊಡುತ್ತದೆ ಎಂಬ ಮಾತು ಪಟ್ಟು ಏರಿಸಿದಾಗ ನಿಲ್ಲುವುದಿಲ್ಲ.

ಪಟ್ಟಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಅದು ಎಷ್ಟು ದೂರಕ್ಕೆ ಹೊಂದಿಸಿದ್ದು ಎಂಬುದನ್ನು. ದೊಡ್ಡ ಬಂದೂಕಿನ ದುರ್ಬೀನನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಹತ್ತು ಗಜದ ಗೋಡೆಯನ್ನು ಅದರಲ್ಲಿ ನೋಡಿದರೆ ಮಂಜು. ಅದಕ್ಕಿಂತ ಕೆಟ್ಟದ್ದೆಂದರೆ, ತಲೆ ಸ್ವಲ್ಪ ಆಚೀಚೆ ಆದರೆ ಪ್ಲಸ್ ಗೆರೆಯೂ ಗುರಿಯ ಮೇಲೆ ಆಚೀಚೆ ಹರಿದಾಡುತ್ತದೆ. ಗನ್ನು ಕದಲದಿದ್ದರೂ ಗುರಿ ತಪ್ಪುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು. ದುರ್ಬೀನನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟು, ಹತ್ತು ಹೆಜ್ಜೆ ಆಚೆಯ ಕ್ಯಾಲೆಂಡರಿನ ಅಂಕಿಯ ಮೇಲೆ ಗೆರೆ ಕೂರಿಸಿ. ದುರ್ಬೀನು ಮುಟ್ಟದೆ ತಲೆ ಮಾತ್ರ ಆಡಿಸಿ. ಗೆರೆ ಅಂಕಿಯನ್ನು ಬಿಟ್ಟು ಓಡಾಡಿದರೆ ಅದು ನಮಗಲ್ಲ. ಕೆಲವದರಲ್ಲಿ ಮುಂದಿನ ಗಾಜಿನ ಸುತ್ತ ತಿರುಗುವ ಬಳೆ ಇದ್ದು ಅದರ ಮೇಲೆ 10, 15, 25 ಎಂದು ಗಜ ಬರೆದಿರುತ್ತದೆ. ಐನೂರು ರೂಪಾಯಿ ಹೆಚ್ಚು ಕೊಟ್ಟಾದರೂ ಇಂಥದ್ದನ್ನು ಕೊಳ್ಳಬಹುದು. ನನ್ನದರಲ್ಲಿ ಆ ಬಳೆ ಇಲ್ಲ. ಫಿಟ್ಟರ್ ಅಣ್ಣ ಮುಂದಿನ ಬೀಗದ ಉಂಗುರ ಸಡಿಲಿಸಿ, ಗಾಜನ್ನು ಒಂದೂವರೆ ಸುತ್ತು ಹೊರಗೆ ತಿರುಗಿಸಿ ಹತ್ತಿರದ ದೂರಕ್ಕೆ ಹೊಂದಿಸಿಕೊಟ್ಟರು. ಹಾಗೆ ಬಿಚ್ಚಿದರೆ ಒಳಗೆ ತುಂಬಿದ ಒಣ ಗ್ಯಾಸ್ ಹೊರಟುಹೋಗುತ್ತದೆ, ಗ್ಯಾರಂಟಿಯೂ ಹೋಗುತ್ತದೆ. ನಮ್ಮ ಕೋಲಾರದ ಒಣಹವೆಗೆ ಇದುವರೆಗೆ ತೊಂದರೆ ಕಂಡಿಲ್ಲ. ಮಲೆನಾಡಿನವರು ಈ ಕೆಲಸಕ್ಕೆ ಕೈ ಹಾಕದಿರುವುದು ಮೇಲು, ಒಳಗೆ ಬೂಸ್ಟು ಹಿಡಿದೀತು.

ಪ್ಲಸ್ ಗೆರೆ ತಂತಿಯದೋ ಗಾಜಿನ ಮೇಲೆ ಕೊರೆದದ್ದೋ ಕೇಳಿ. ಕೊರೆದದ್ದು ಕಳಚುವ ಮಾತೇ ಇಲ್ಲ. ಅಲ್ಲಾಡಿಸಿ ಕಿವಿಗೆ ಹಿಡಿಯಿರಿ. ಹೊಸದರಲ್ಲೇ ಸದ್ದು ಬಂದರೆ ಹಿಂದಿರುಗಿಸಿ. ದೀಪಕ್ಕೆ ದುಡ್ಡು ಕೊಡಬೇಡಿ.

ಇನ್ನು ಮೌಂಟ್. ದುರ್ಬೀನಿನ ಜೊತೆ ಪುಕ್ಕಟೆ ಬರುವ ಎರಡು ತೆಳ್ಳನೆಯ ಉಂಗುರಗಳನ್ನು ಮಕ್ಕಳಿಗೆ ಆಡಲು ಕೊಡಿ. ನಮ್ಮಲ್ಲಿ ಸಿಗುವ ಸ್ಪ್ರಿಂಗ್ ಗನ್ನುಗಳ ಮೇಲೆ ಹೆಚ್ಚಾಗಿ 11 ಮಿಲಿಮೀಟರಿನ ಗಾಡಿ ಕೊರೆದಿರುತ್ತದೆ. ಅದನ್ನು ಉದ್ದಕ್ಕೂ ಹಿಡಿಯುವ ಒಂದೇ ತುಂಡಿನ ಮೌಂಟ್ ಬೇಕು. ಅದರ ತಳದಲ್ಲಿ ಒಂದು ಮೊಳೆಯಂಥ ತಡೆ ಇರಬೇಕು. ಗನ್ನಿನ ಮೇಲಿರುವ ತೂತಿಗೆ ಆ ತಡೆ ಇಳಿದು ಕೂತರೆ ಮೌಂಟ್ ಹಿಂದೆ ಜಾರುವುದಿಲ್ಲ. ತೂತು ಇಲ್ಲದ ಗನ್ನಾದರೆ ಮೌಂಟಿನ ಹಿಂದೆ ಬಿಗಿಯುವ ಪ್ರತ್ಯೇಕ ತಡೆಗಟ್ಟೆ ಸಿಗುತ್ತದೆ. ನನ್ನ ಮೌಂಟಿಗೆ 900 ರೂಪಾಯಿ ಆಯಿತು, ದುರ್ಬೀನಿನ ಅರ್ಧ ಬೆಲೆ. ಕೊಟ್ಟಿದ್ದಕ್ಕೆ ಬೇಸರವಿಲ್ಲ.

ಕೂರಿಸುವಾಗ ಸ್ಕ್ರೂಗಳನ್ನು ಒಂದೇ ಕಡೆ ಬಿಗಿಯದೆ ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅಲೆನ್ ಕೀಯ ಗಿಡ್ಡ ತೋಳಿನಿಂದ ಬಿಗಿದರೆ ಸಾಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಟ್ರ್ಯಾಕ್ಟರ್ ನಟ್ಟು ಬಿಗಿಯುವ ಕೈಗಳು ಇಲ್ಲಿ ದುರ್ಬೀನಿನ ಕೊಳವೆಯನ್ನೇ ನಜ್ಜುಗುಜ್ಜು ಮಾಡುತ್ತವೆ. ಐವತ್ತು ಗುಂಡು ಹೊಡೆದ ಮೇಲೆ ಒಮ್ಮೆ ಸ್ಕ್ರೂ ನೋಡಿ. ಮೌಂಟಿನ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿಟ್ಟರೆ ಜಾರಿದ್ದು ಕಣ್ಣಿಗೇ ಕಾಣುತ್ತದೆ.

ನಳಿಗೆ ಮಡಚುವ ಗನ್ನುಗಳಲ್ಲಿ ನಳಿಗೆಯ ತುದಿ ಒಂದಿಷ್ಟು ಕೆಳಗೆ ಬಾಗಿರುವುದು ಸಾಮಾನ್ಯ. ಗುಂಡು ಕೆಳಗೆ ಬೀಳುತ್ತದೆಂದು ಮೇಲಿನ ತಿರುಪನ್ನು ಕೊನೆಯವರೆಗೂ ತಿರುಗಿಸುತ್ತಾರೆ. ಆಗ ಒಳಗಿನ ಸ್ಪ್ರಿಂಗ್ ಪಟ್ಟಿ ಪೂರ್ತಿ ಸಡಿಲವಾಗಿ ಕೊಳವೆ ಹೊಡೆತ ಹೊಡೆತಕ್ಕೂ ಅಲ್ಲಾಡುತ್ತದೆ. ದುರ್ಬೀನು ಕೆಟ್ಟಿತೆಂದು ನನಗೆ ತಂದು ತೋರಿಸಿದವುಗಳಲ್ಲಿ ಎರಡು ಕೆಟ್ಟೇ ಇರಲಿಲ್ಲ, ಇದೇ ದೋಷ. ತಿರುಪನ್ನು ನಡುವಿಗೆ ತಂದು, ಹಿಂದಿನ ಉಂಗುರದ ಕೆಳಗೆ ಹಳೆಯ ಕ್ಯಾಮೆರಾ ಫಿಲ್ಮಿನ ಒಂದೆರಡು ತುಂಡು ಇಟ್ಟು ಎತ್ತರಿಸಿದ ಮೇಲೆ ಸರಿಹೋದವು. (ಫಿಲ್ಮು ಈಗ ಎಲ್ಲಿಂದ ತರಲಿ ಎಂದರೆ, ಮದುವೆ ಆಲ್ಬಮ್ಮಿನ ಹಿಂದೆ ನೆಗೆಟಿವ್ ಸಿಕ್ಕಿಸಿಟ್ಟ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಕೇಳಿ ತೆಗೆದುಕೊಳ್ಳಿ.)

ಕಣ್ಣಿನ ಕಡೆಯ ಗಾಜನ್ನು ತಿರುಗಿಸಿ ಪ್ಲಸ್ ಗೆರೆ ಚೂಪಾಗಿ ಕಾಣುವಂತೆ ಮಾಡಿಕೊಳ್ಳಬೇಕು. ಖಾಲಿ ಆಕಾಶ ನೋಡುತ್ತಾ ಮಾಡಿ, ಸೂರ್ಯನ ಕಡೆ ಮಾತ್ರ ತಿರುಗಬೇಡಿ. ಆಮೇಲೆ ಚೌಕದ ಪರೀಕ್ಷೆ. ತಿರುಪಿನ ಒಂದು ಕ್ಲಿಕ್ಕಿಗೆ ನೂರು ಗಜದಲ್ಲಿ ಕಾಲು ಅಂಗುಲ ಎಂದಿದ್ದರೆ, ಇಪ್ಪತ್ತು ಗಜದಲ್ಲಿ ಇಪ್ಪತ್ತು ಕ್ಲಿಕ್ಕಿಗೆ ಒಂದು ಅಂಗುಲ. ಒಂದೇ ಚುಕ್ಕೆಗೆ ಗುರಿಯಿಟ್ಟು ಮೂರು ಗುಂಡು ಹೊಡೆದು, ಮೇಲಕ್ಕೆ ನಲವತ್ತು ಕ್ಲಿಕ್, ಬಲಕ್ಕೆ ನಲವತ್ತು, ಕೆಳಕ್ಕೆ, ಎಡಕ್ಕೆ ಎಂದು ತಿರುಗಿಸುತ್ತಾ ಪ್ರತಿ ಸಲ ಮೂರು ಮೂರು ಹೊಡೆಯಿರಿ. ಕೊನೆಯ ಮೂರು ಮೊದಲಿನ ಮೂರರ ಮೇಲೇ ಬಿದ್ದರೆ ದುರ್ಬೀನು ಸಾಚಾ. ಬೀಳದಿದ್ದರೆ ಅಂಗಡಿಗೆ ವಾಪಸ್ ಕೊಡುವ ಅವಧಿಯೊಳಗೇ ಕೊಟ್ಟುಬಿಡಿ.

ದುರ್ಬೀನು ಬಾಳಲು ಗನ್ನನ್ನೂ ಸರಿಯಾಗಿ ನಡೆಸಿಕೊಳ್ಳಬೇಕು. ಗುಂಡಿಲ್ಲದೆ ಹೊಡೆಯಬಾರದು, ಪಿಸ್ಟನ್ನಿಗೆ ಗಾಳಿಯ ಮೆತ್ತೆ ಇಲ್ಲದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಗಾಳಿ ಬರುವ ತೂತಿಗೆ ತೆಂಗಿನೆಣ್ಣೆ, ಹೊಲಿಗೆ ಮಿಷನ್ ಎಣ್ಣೆ ಬಿಡುವ ಚಟ ನಮ್ಮಲ್ಲಿ ಇದೆ. ಹೊಡೆದಾಗ ಢಂ ಎಂದು ಹೊಗೆ ಬರುತ್ತದೆ, ಗನ್ನಿಗೆ ಬಲ ಬಂತೆಂದು ಖುಷಿ ಪಡುತ್ತಾರೆ. ಅದು ಎಣ್ಣೆ ಡೀಸೆಲ್ ಎಂಜಿನ್ನಿನಂತೆ ಹತ್ತಿಕೊಳ್ಳುವುದು. ಸೀಲು, ಸ್ಪ್ರಿಂಗು, ದುರ್ಬೀನು ಮೂರೂ ಒಟ್ಟಿಗೆ ಹಾಳಾಗಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ದುರ್ಬೀನು ಮಾಡಲಾಗದ ಕೆಲಸ

ಇಷ್ಟು ಹೇಳಿದ ಮೇಲೆ ಕೇಳುವವರು ನಿಧಾನಕ್ಕೆ ನಿಜವಾದ ವಿಷಯಕ್ಕೆ ಬರುತ್ತಾರೆ. ಅವರಿಗೆ ಬೇಕಾಗಿರುವುದು ಇಲಿಯಲ್ಲ. ನವಿಲು. ಕೆಲವರಿಗೆ ಹಂದಿ, ಕೆಲವರಿಗೆ ಕೋತಿ.

ನೋವು ನನಗೆ ಗೊತ್ತು. ಬಿತ್ತಿದ ಕಡಲೆಕಾಯಿ ಮೊಳಕೆಯನ್ನು ನವಿಲು ಸಾಲು ಹಿಡಿದು ಕೀಳುತ್ತದೆ, ಬಣ್ಣ ತಿರುಗಿದ ಟೊಮೆಟೊವನ್ನು ಒಂದೊಂದೇ ಕುಕ್ಕಿ ಬಿಡುತ್ತದೆ. ಕುಕ್ಕಿದ ಹಣ್ಣನ್ನು ಕೋಲಾರದ ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಕಾಮಸಮುದ್ರದ ಕಡೆಯವರಿಗೆ ಆನೆ ಬೇರೆ. ಸಿಟ್ಟು ಬಾರದೆ ಇರುತ್ತದೆಯೇ? ಆದರೆ ಆ ಸಿಟ್ಟಿಗೆ ಒಂಬತ್ತು ಪಟ್ಟಿನ ದುರ್ಬೀನು ಮದ್ದಲ್ಲ.

ಲೆಕ್ಕ ನೋಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್ನಿಗೆ 2016 ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎರಡು ಮಿತಿ: ನಳಿಗೆ 0.177 ಅಂಗುಲ ಅಂದರೆ 4.5 ಮಿಲಿಮೀಟರ್, ಶಕ್ತಿ 20 ಜೌಲ್. ಗುಂಡಿನ ತೂಕ ಅರ್ಧ ಗ್ರಾಂ. ನನ್ನ ಗನ್ನಿನಲ್ಲಿ 20 ಮೀಟರಿಗೆ ಗುರಿ ಹೊಂದಿಸಿದರೆ 10 ರಿಂದ 25 ಮೀಟರಿನವರೆಗೆ ಗುಂಡು ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನೊಳಗೆ ಬೀಳುತ್ತದೆ. 40 ಮೀಟರಿಗೆ ಹೋದರೆ ಆರೇಳು ಸೆಂಟಿಮೀಟರ್ ಕೆಳಗೆ. ಐದು ಮೀಟರಿಗೆ ಬಂದರೂ ಎರಡು ಸೆಂಟಿಮೀಟರ್ ಕೆಳಗೆ, ಯಾಕೆಂದರೆ ದುರ್ಬೀನು ನಳಿಗೆಗಿಂತ ಅಷ್ಟು ಮೇಲೆ ಕೂತಿದೆ. ಗಾಳಿ ಬೀಸಿದರೆ ಪಕ್ಕಕ್ಕೆ ಹೋಗುವುದು ಬೇರೆ. ದುರ್ಬೀನು ಗುರಿಯನ್ನು ಹತ್ತಿರ ತರುತ್ತದೆಯೇ ಹೊರತು ಗುಂಡಿಗೆ ಶಕ್ತಿ ತುಂಬುವುದಿಲ್ಲ. ಅರವತ್ತು ಮೀಟರಿನ ನವಿಲನ್ನು ಒಂಬತ್ತು ಪಟ್ಟಿನಲ್ಲಿ ನೋಡಿದವನಿಗೆ ಅದು ಆರೇಳು ಮೀಟರಿನಲ್ಲೇ ನಿಂತಂತೆ ಕಾಣುತ್ತದೆ. ಕೈ ತಡೆಯುವುದಿಲ್ಲ. ಹೊಡೆಯುತ್ತಾನೆ. ಸಾಯುವುದಿಲ್ಲ, ಗಾಯವಾಗುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಬೇಲಿಯ ಮೂಲೆಯಲ್ಲಿ ಒಂದು ಹೆಣ್ಣು ನವಿಲು ಮೂರು ದಿನ ಕೂತಿತ್ತು. ಒಂದು ರೆಕ್ಕೆ ಜೋತುಬಿದ್ದಿತ್ತು. ನಾಲ್ಕನೇ ದಿನ ನಾಯಿಗಳು ಮುಗಿಸಿದವು. ಹೊಡೆದವನು ಯಾರೆಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಅವನು ದುರ್ಬೀನು ಕೊಳ್ಳುವ ಮೊದಲು ನನ್ನನ್ನೇ ಕೇಳಿದ್ದ. ನಾನು ಒಂದು ದಪ್ಪ ದನಿಯಲ್ಲಿ ಎಕ್ಸು, ಮೌಂಟು ಎಂದು ಪಾಠ ಹೇಳಿದ್ದೆನೇ ಹೊರತು "ಏನಕ್ಕೆ ಕೊಳ್ಳುತ್ತೀಯಪ್ಪಾ?" ಎಂದು ಕೇಳಿರಲಿಲ್ಲ. ಈಗ ಕೇಳುತ್ತೇನೆ.

ನವಿಲು 1963 ರಿಂದ ನಮ್ಮ ರಾಷ್ಟ್ರಪಕ್ಷಿ. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ಗನ್ನಿಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಬೇಟೆಗೆ ಲೈಸೆನ್ಸ್ ಸಿಕ್ಕಿತು ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಅವು ಎರಡು ಬೇರೆ ಬೇರೆ ಕಾನೂನು. ಕಾಗೆ, ಬಾವಲಿ, ಇಲಿಗಳನ್ನು ಹಿಂದೆ ಆ ಕಾಯಿದೆಯ ಐದನೇ ಅನುಸೂಚಿಯಲ್ಲಿ ಪೀಡೆ ಪ್ರಾಣಿಗಳೆಂದು ಪಟ್ಟಿ ಮಾಡಿದ್ದರು. 2022 ರ ತಿದ್ದುಪಡಿ 2023 ರ ಏಪ್ರಿಲ್ 1 ರಂದು ಜಾರಿಯಾದ ಮೇಲೆ ಆ ಅನುಸೂಚಿಯೇ ಇಲ್ಲ. "ಕಾಗೆ ಹೊಡೆದರೆ ಏನೂ ಇಲ್ಲ" ಎಂದು ಹಳೆಯ ಪುಸ್ತಕ ನೋಡಿ ಹೇಳುವವರ ಮಾತು ಕೇಳಬೇಡಿ. ಹಂದಿಗಂತೂ ಈ ಅರ್ಧ ಗ್ರಾಂ ಗುಂಡು ಚರ್ಮಕ್ಕೆ ಕೆರೆತ. ಹೊಡೆದವನ ಮೇಲೆ ತಿರುಗಿ ಬಂದರೆ ದುರ್ಬೀನಿನಲ್ಲಿ ನೋಡುತ್ತಾ ನಿಲ್ಲಲಾಗುವುದಿಲ್ಲ.

"ನಿನಗೇನು, ಬರೆದುಬಿಡ್ತೀಯ. ನಿನ್ನ ತೋಟಕ್ಕೆ ನವಿಲು ಬರಲ್ವಾ?" ಎಂದು ನನ್ನ ಷಡ್ಡಕ ಈಗಾಗಲೇ ಕೇಳಿದ್ದಾರೆ. ಬರುತ್ತದೆ. ಕಡಲೆಕಾಯಿ ಮೊಳೆತ ಮೇಲೆ ಹನ್ನೆರಡು ದಿನ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಹೊಲದಲ್ಲೇ ಕೂರುತ್ತೇನೆ, ತಮಟೆ ಬಡಿಯುತ್ತೇನೆ. ಟೊಮೆಟೊ ಹಣ್ಣಾಗುವಾಗ ಹೊರಗಿನ ಎರಡು ಸಾಲಿಗೆ ಹಳೆಯ ಬಲೆ ಹಾಕುತ್ತೇನೆ. ಆದರೂ ಒಂದಿಷ್ಟು ಹೋಗುತ್ತದೆ. ಇದಕ್ಕೆ ಪರಿಹಾರ ಸರ್ಕಾರ ಕೊಡಬೇಕು ಎಂದು ನಾನೂ ಕೂಗುವವನೇ. ಆ ಕೂಗಿಗೆ ಗಾಯಗೊಂಡ ನವಿಲು ಅಡ್ಡ ಬರುತ್ತದೆ, ಸಹಾಯಕ್ಕೆ ಬರುವುದಿಲ್ಲ.

ಅದಕ್ಕೇ ನಾನು ನಾಲ್ಕು ಪಟ್ಟಿನ ಪರ. ಅದರಲ್ಲಿ ನೋಡಿದರೆ ದೂರದ್ದು ದೂರವಾಗಿಯೇ ಕಾಣುತ್ತದೆ. ಈ ಗನ್ನಿನ ಶಕ್ತಿ ಎಷ್ಟೋ ಅದರ ನೋಟವೂ ಅಷ್ಟೇ.

ಕೊಟ್ಟಿಗೆಯಲ್ಲಿ ಹೊಡೆಯುವವರಿಗೆ ಎರಡು ಎಚ್ಚರಿಕೆ. ನಮ್ಮ ಕಡೆಯ ಕೊಟ್ಟಿಗೆಗಳಿಗೆ ಕಲ್ಲು ಚಪ್ಪಡಿಯೇ ಗೋಡೆ, ಕಲ್ಲು ಕಂಬವೇ ಆಸರೆ. ಸೀಸದ ಗುಂಡು ಕಲ್ಲಿಗೆ ಬಡಿದು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ನನ್ನ ಕೆನ್ನೆಗೇ ಒಮ್ಮೆ ತಾಗಿದೆ, ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು. ಇಲಿ ಓಡಾಡುವ ಜಾಡಿನ ಹಿಂದೆ ಮರಳು ತುಂಬಿದ ಚೀಲ ಇಟ್ಟು, ಅಲ್ಲಿಗೆ ಬಂದಾಗ ಮಾತ್ರ ಹೊಡೆಯಿರಿ. ಮೇವು, ಹಿಂಡಿ ಇರುವ ಕಡೆಗೆ ಹೊಡೆಯಲೇಬೇಡಿ. ಸೀಸ ದನಗಳ ಹೊಟ್ಟೆಗೆ ಹೋದರೆ ವಿಷ.

ನನ್ನ 4×32 ಗೆ ಈಗ ಐದನೇ ವರ್ಷ. ಹದಿನಾಲ್ಕು ಡಬ್ಬಿ ಗುಂಡು ಮುಗಿದಿದೆ, ಹೆಚ್ಚಿನದು ಕಾಗದದ ಮೇಲೆ ಅಭ್ಯಾಸಕ್ಕೆ. ಗೆರೆ ನೆಟ್ಟಗೇ ಇದೆ. ವಾಲಿಹೋದ ಜೂಮ್ ದುರ್ಬೀನನ್ನು ಫಿಟ್ಟರ್ ಅಣ್ಣನ ಮೊಮ್ಮಗ ಇಟ್ಟುಕೊಂಡಿದ್ದಾನೆ. ಸೈನೈಡ್ ದಿಬ್ಬದ ಕಡೆ ತಿರುಗಿಸಿ, ಮಾರಿಕುಪ್ಪಂ ರೈಲು ಬಂದರೆ ರೈಲಿನ ಕಡೆ ತಿರುಗಿಸಿ ನೋಡುತ್ತಿರುತ್ತಾನೆ. ಆ ಕೆಲಸಕ್ಕೆ ಒಂಬತ್ತು ಪಟ್ಟು ಚೆನ್ನಾಗಿದೆಯಂತೆ.

ಗ್ಯಾಸ್ ಕೊಳವೆಯ ಗನ್ನಿನ ಮೇಲೆ ದುರ್ಬೀನು ಎರಡು ಮೂರು ವರ್ಷ ಬಾಳಿಸಿದ ಕೃಷಿಕರು ಯಾರಾದರೂ ಇದ್ದರೆ ಯಾವ ಮೌಂಟ್ ಹಾಕಿದಿರಿ, ಎಷ್ಟು ಗುಂಡಿಗೆ ಏನಾಯಿತು ಎಂದು ಪತ್ರಿಕೆಗೆ ಬರೆದು ತಿಳಿಸಿ. ನನ್ನ ಗನ್ನಿನ ಸ್ಪ್ರಿಂಗ್ ಸೋತಿದೆ, ಬದಲಾಯಿಸುವ ಮೊದಲು ನನಗೂ ತಿಳಿಯಬೇಕಾಗಿದೆ.